ಕೊರೆದಷ್ಟೂ ಕಪ್ಪು ನೀರು

ಗುರುವಾರ, ಇಪ್ಪತ್ತೈದನೆಯ ತಾರೀಖು
ಮನೆಯಿಂದ, ಮಧ್ಯಾಹ್ನ

ನನ್ನ ಗುಬ್ಬೀ,

ನಿನ್ನ ಎರಡು ಕಾಗದಗಳೂ ಕೈಸೇರಿವೆ. ಮೊದಲನೆಯದಕ್ಕೆ ಉತ್ತರ ಬರೆಯುವ ಮುಂಚೆ ಎರಡನೆಯದು ಬಂತು. ಅದಕ್ಕೂ ಎರಡು ದಿನ ತಡಮಾಡಿದೆ. ನೀನು ಫೋನ್ ಮಾಡಿದಾಗಲೂ “ಆಮೇಲೆ ಮಾತಾಡ್ತೀನಿ” ಎಂದು ಮೂರು ಸಲ ಇಟ್ಟುಬಿಟ್ಟೆ. ಅಪ್ಪನಿಗೆ ಸೊಕ್ಕು ಬಂದಿದೆ ಎಂದು ನೀನು ಅಂದುಕೊಂಡಿದ್ದರೆ ತಪ್ಪು ನಿನ್ನದಲ್ಲ. ನನಗೆ ಫೋನಿನಲ್ಲಿ ಮಾತು ಕೂಡಿಬರುವುದಿಲ್ಲ ಎಂದು ನಿನಗೆ ಗೊತ್ತೇ ಇದೆ. ಎಡಗಿವಿ ಡ್ರಿಲ್ಲಿನ ಪಾಲಾಗಿ ಎಷ್ಟೋ ವರ್ಷವಾಯಿತು, ಬಲಗಿವಿಗೆ ನಿನ್ನ ಅಮ್ಮ ಅಡುಗೆಮನೆಯಿಂದ ಹೇಳಿಕೊಡುವ ಮಾತೇ ಮೊದಲು ಬೀಳುತ್ತದೆ. ಕ್ಷಮಿಸು, ಈಗ ಕೂತು ಬರೆಯುತ್ತಿದ್ದೇನೆ.

ಇಲ್ಲಿ ಇಬ್ಬರೂ ಗಟ್ಟಿಮುಟ್ಟಾಗಿಯೇ ಇದ್ದೇವೆ, ನನ್ನ ಮಂಡಿ ಮಾತ್ರ ಒಂದೊಂದು ದಿನ ರಜೆ ಕೇಳುತ್ತದೆ. ಅಮ್ಮನಿಗೆ ಹೊಸ ಕನ್ನಡಕ ಬಂದಿದೆ. ಅದು ಬಂದಂದಿನಿಂದ ಮನೆಯ ಮೂಲೆಮೂಲೆಯ ಧೂಳೆಲ್ಲ ಅವಳಿಗೆ ಕಾಣತೊಡಗಿದೆ. ಧೂಳು ಕಂಡದ್ದು ಅವಳಿಗೆ, ಏಣಿ ಹತ್ತಬೇಕಾದವನು ನಾನು. “ಗಣಿ ಚಾವಣಿ ನೋಡ್ಕೊಳ್ಳೋಕೆ ಇಪ್ಪತ್ತೊಂಬತ್ತು ವರ್ಷ ಪುರುಸೊತ್ತಿತ್ತು, ಮನೆ ಚಾವಣಿಯ ಜೇಡರ ಬಲೆ ತೆಗೆಯೋಕೆ ಇಲ್ವಾ?” ಎನ್ನುತ್ತಾಳೆ. ನಿನ್ನ ಕೋಣೆಯ ಕಿಟಕಿಗೆ ಹೊಸ ಚಿಲಕ ಹಾಕಿಸಿದ್ದೇನೆ. ಗಾಳಿಗೆ ಈಗ ಬಡಿದುಕೊಳ್ಳುವುದಿಲ್ಲ.

ಎರಡನೆಯ ಕಾಗದದಲ್ಲಿ ನೀನು ಒಂದೇ ಒಂದು ಸಾಲು ಕೇಳಿದ್ದೀಯ: “ಅಪ್ಪಾ, ಗಣಿಯ ಪಶ್ಚಿಮ ಭಾಗದಲ್ಲಿ ಏನೋ ಆಯಿತಂತೆ, ಯಾರಿಗೂ ಏನೂ ಆಗಲಿಲ್ಲ ತಾನೆ?” ಯಾರಿಗೂ ಏನೂ ಆಗಲಿಲ್ಲ. ಆದರೆ ಅಷ್ಟು ಹೇಳಿ ಮುಗಿಸುವ ಮಾತಲ್ಲ ಅದು. ಕೇಂದ್ರ ಕಚೇರಿಗೆ ಹೋದ ವರದಿ ಅಲ್ಲಿ ನಿನ್ನ ಮೇಜಿಗೂ ಬರಬಹುದು, ಅದರಲ್ಲಿ ಎರಡು ಪ್ಯಾರಾ ಇರುತ್ತದೆ. ನಡೆದದ್ದು ನಡೆದ ಹಾಗೆ ನನ್ನಿಂದ ಕೇಳು.

ಎಂಟನೆಯ ತಾರೀಖು ಸೋಮವಾರ ನೋಟಿಸ್ ಬೋರ್ಡಿನಲ್ಲಿ ಹೊಸ ಹಾಳೆ ಅಂಟಿಸಿದ್ದರು. ಪಶ್ಚಿಮ ಭಾಗದಲ್ಲಿ ಚಾವಣಿಗೆ ಆಧಾರ ಕೊಡುವ ಕ್ರಮ ಬದಲಾಗಿದೆ ಎಂದು. ಅಲ್ಲಿಯವರೆಗೆ ನಾವು ಚಾವಣಿಗೆ ಕೊರೆದು ಬಿಗಿಯುವ ಬೋಲ್ಟನ್ನು ಅಡ್ಡಸಾಲಿಗೆ ನಾಲ್ಕು, ನಾಲ್ಕು ಅಡಿಗೆ ಒಂದು ಸಾಲು ಹಾಕುತ್ತಿದ್ದೆವು. ಇನ್ನು ಮೇಲೆ ಸಾಲಿಗೆ ಮೂರು, ಐದು ಅಡಿಗೆ ಒಂದು ಸಾಲು. ಡ್ರಿಲ್ಲು ಹಿಡಿಯುವ ನಮ್ಮ ಗಿಳಿರಾಯ ಗೊತ್ತಲ್ಲ, ಬಾಯಿ ಮುಚ್ಚಿದರೆ ಉಸಿರು ಕಟ್ಟುತ್ತದೆ ಎಂದುಕೊಂಡವನು, ಅವನು ಹಾಳೆ ಓದಿ, “ಮುಂದಿನ ತಿಂಗಳು ಎರಡೇ ಸಾಕು ಅಂತಾರೆ, ಅದರ ಮುಂದಿನ ತಿಂಗಳು ನಾವೇ ಕೈ ಮೇಲೆತ್ತಿ ನಿಂತ್ಕೋಬೇಕು” ಎಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಬೈಯಲೂ ಇಲ್ಲ.

ಯಾಕೆ ಬೈಯಲಿಲ್ಲ ಎಂದು ನಿನಗೆ ಹೇಳಬೇಕು. ನಾನು ಕೆಲಸಕ್ಕೆ ಸೇರಿದಾಗ ಇಲ್ಲಿ ಬರೀ ಮರದ ಕಂಬ. ಕಂಬ ನಿಲ್ಲಿಸಿ, ತಲೆಗೊಂದು ಹಲಗೆ ಇಟ್ಟು, ಬೆಣೆ ಹೊಡೆದು ಬಿಗಿ ಮಾಡುವುದು. ಮೊದಲ ಸಲ ಬೋಲ್ಟು ಬಂದಾಗ ಹಳಬರೆಲ್ಲ ಎದುರು ನಿಂತರು. ಮರ ಮುರಿಯುವ ಮುಂಚೆ ಕಿರುಗುಟ್ಟಿ ಹೇಳುತ್ತದೆ, ಓಡಲು ಹೊತ್ತು ಕೊಡುತ್ತದೆ, ಈ ಕಬ್ಬಿಣದ ಕಡ್ಡಿ ಏನು ಹೇಳುತ್ತದೆ ಎಂದು ಅವರ ವಾದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಕಂಬ ಚಾವಣಿಯನ್ನು ಬೀಳುವಾಗ ಹಿಡಿಯುತ್ತದೆ, ಬೋಲ್ಟು ಬೀಳದ ಹಾಗೆ ಹೊಲಿಯುತ್ತದೆ ಎಂದು ನನಗೆ ಬೇಗ ತಲೆಗೆ ಹೋಯಿತು. ನಮ್ಮ ಸಾಲಿನಲ್ಲಿ ಮೊದಲು ಬೋಲ್ಟು ಹಾಕಿದವನು ನಾನೇ. ಹಾಗಾಗಿ ಕಾಗದದ ಮೇಲೆ ಬಂದದ್ದನ್ನೆಲ್ಲ ಶಪಿಸುವ ಮುದುಕರ ಪೈಕಿ ನಾನಾಗಬಾರದು ಎಂಬ ಹಟ ನನ್ನದು. ಕೇಂದ್ರ ಕಚೇರಿಯಲ್ಲಿ ಓದಿದ ಮಕ್ಕಳಿದ್ದಾರೆ, ಲೆಕ್ಕ ಹಾಕಿಯೇ ಬರೆದಿರುತ್ತಾರೆ ಎಂದು ತಂಡಕ್ಕೂ ಹೇಳಿದೆ. ಎಂಟು ದಿನ ಹಾಳೆಯಲ್ಲಿದ್ದ ಹಾಗೆಯೇ ಬೋಲ್ಟು ಹಾಕಿದೆವು.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತಿದ್ದೇನೆ, ಬೇಸರಪಡಬೇಡ. ಗಣಿಯ ಚಾವಣಿ ಒಂದೇ ಬಂಡೆಯಲ್ಲ, ಒಂದರ ಮೇಲೊಂದು ಇಟ್ಟ ಹಾಳೆಗಳ ಕಟ್ಟು. ನಮ್ಮಲ್ಲಿ ಕೆಳಗಿನ ಹಾಳೆಗಳು ಮೆತ್ತನೆಯ ಜೇಡಿಗಲ್ಲು, ಮೇಲೆ ಗಟ್ಟಿ ಮರಳುಗಲ್ಲು. ಆರಡಿಯ ಬೋಲ್ಟಿನ ತುದಿ ಹೋಗಿ ಆ ಮರಳುಗಲ್ಲನ್ನು ಕಚ್ಚಿ ಹಿಡಿಯಬೇಕು. ಆಗ ಕೆಳಗಿನ ಹಾಳೆಗಳೆಲ್ಲ ಅದಕ್ಕೆ ಜೋತುಬಿದ್ದು ನಿಲ್ಲುತ್ತವೆ. ಅದು ಮರಳುಗಲ್ಲನ್ನು ಮುಟ್ಟಿತೋ ಇಲ್ಲವೋ ಎಂದು ನಮಗೆ ಯಂತ್ರ ಹೇಳಬೇಕಾಗಿಲ್ಲ. ಮುಟ್ಟಿದ ಕೂಡಲೇ ಡ್ರಿಲ್ಲಿನ ದನಿ ಏರುತ್ತದೆ, ರಂಧ್ರದಿಂದ ಇಳಿಯುವ ಕಪ್ಪು ನೀರು ಬೂದಿಬಣ್ಣಕ್ಕೆ ತಿರುಗುತ್ತದೆ.

ಮೊದಲ ಎರಡು ದಿನ ನಾಲ್ಕೂವರೆ ಅಡಿಗೇ ಬೂದಿ ನೀರು ಬಂತು. ಆಮೇಲೆ ಐದಕ್ಕೆ, ಐದೂವರೆಗೆ. ಎಂಟನೆಯ ದಿನ ಎರಡು ಸುರಂಗ ಕೂಡುವ ಜಾಗಕ್ಕೆ ಬಂದೆವು. ಚಾವಣಿ ಅಲ್ಲೇ ಎಲ್ಲಕ್ಕಿಂತ ಅಗಲ. ಗಿಳಿರಾಯ ಆರಡಿಯೂ ಕೊರೆದ, ನೀರು ಕಪ್ಪಗೇ ಇಳಿಯಿತು. ಪಕ್ಕದಲ್ಲಿ ಇನ್ನೊಂದು ಕೊರೆಸಿದೆ, ಅದೂ ಕಪ್ಪು. ಮೂರನೆಯದನ್ನು ಕೊರೆಯುವಾಗ ಗಿಳಿರಾಯ ಮಾತು ನಿಲ್ಲಿಸಿದ್ದ. “ಮೇಸ್ತ್ರಿ, ಇದು ಹಿಟ್ಟಿನೊಳಗೆ ಹೋದ ಹಾಗೆ ಹೋಗ್ತಿದೆ” ಎಂದ. ಅಂದರೆ ಮರಳುಗಲ್ಲು ಮೇಲಮೇಲಕ್ಕೆ ಸರಿದುಹೋಗಿದೆ, ನಮ್ಮ ಬೋಲ್ಟು ಅದಕ್ಕೆ ಎಟುಕುತ್ತಿಲ್ಲ. ಇಟ್ಟಿಗೆಗೆ ತಗಲದೆ ಬರೀ ಗಾರೆಗೆ ಮೊಳೆ ಹೊಡೆದು ಬೀರು ನೇತುಹಾಕಿದ ಹಾಗೆ. ಸಲಾಕೆ ತೆಗೆದುಕೊಂಡು ಚಾವಣಿಯನ್ನು ಬಡಿದು ನೋಡಿದೆ. ಗಟ್ಟಿಯಿದ್ದರೆ ಗಂಟೆಯ ಹಾಗೆ ಠಣ್ಣೆನ್ನಬೇಕು. ಇದು ಖಾಲಿ ಪೆಟ್ಟಿಗೆಯ ಹಾಗೆ ಬೊದ್ದೆಂದಿತು. ಚಾವಣಿ ಎಷ್ಟು ಜಗ್ಗಿದೆ ಎಂದು ತೋರಿಸಲು ಅಲ್ಲಿ ನೇತುಹಾಕಿರುವ ಬಣ್ಣದ ಪಟ್ಟಿಯ ಕೊಳವೆಗೆ ನಮ್ಮವರು ಚಾಡಿಕೋರ ಎಂದು ಹೆಸರಿಟ್ಟಿದ್ದಾರೆ. ಬೆಳಿಗ್ಗೆ ಚಾಡಿಕೋರ ಹಸಿರು ತೋರಿಸುತ್ತಿದ್ದ, ಪಾಳಿ ಮುಗಿಯುವ ಹೊತ್ತಿಗೆ ಹಳದಿಯ ಅಂಚು ಇಣುಕಿತ್ತು.

ಮೇಲೆ ಬಂದು ನೇರ ಮ್ಯಾನೇಜರ ಹತ್ತಿರ ಹೋದೆ. ಅವರು ಬಂದು ಇನ್ನೂ ಆರು ತಿಂಗಳು, ಕೆಟ್ಟವರಲ್ಲ, ಅವಸರದವರು. ಕಡತ ತೆಗೆದು ತೋರಿಸಿದರು. “ನೋಡಿ ಮೇಸ್ತ್ರಿ, ಬೋರ್ ಹಾಕಿದ ರಿಪೋರ್ಟ್ ಇದೆ, ಮರಳುಗಲ್ಲು ನಾಲ್ಕೂವರೆ ಅಡಿಗೇ ಇದೆ.”

“ಸಾರ್, ಆ ಬೋರ್ ಹಾಕಿದ್ದು ಮುನ್ನೂರು ಗಜ ಆಚೆ. ನಾನು ಹೇಳ್ತಿರೋದು ಇವತ್ತು ಕೊರೆದ ಜಾಗ.”

“ಡಿಸೈನಿನವರು ಜಾಗ ನೋಡಿಯೇ ಬರೆದಿದ್ದಾರೆ ರೀ. ನಿಮ್ಮ ಸಲಾಕೆ ಸದ್ದು ಕೇಳ್ಕೊಂಡು ನಾನು ಸೆಕ್ಷನ್ ನಿಲ್ಲಿಸ್ಲಾ?”

ಜಾಗ ನೋಡಿದವರು ಯಾರು, ಯಾವತ್ತು ಬಂದಿದ್ದರು, ನಮ್ಮ ಪಾಳಿಯಲ್ಲಿ ಯಾರೂ ಕಾಣಲಿಲ್ಲವಲ್ಲ ಎಂದೆ. ಅದನ್ನೆಲ್ಲ ನಿಮಗೆ ಒಪ್ಪಿಸಬೇಕಾ ಎಂದು ಕೇಳಿ ಕಡತ ಮುಚ್ಚಿದರು.

ಮಾರನೆಯ ದಿನ, ಮಂಗಳವಾರ, ಇಳಿದ ಕೂಡಲೇ ಆ ಕೂಡುಜಾಗಕ್ಕೆ ಹೋಗುವ ಬಾಯಿಗೆ ಎರಡು ಹಲಗೆ ಅಡ್ಡಡ್ಡ ಹೊಡೆದೆ. ಒಂದು ಪೆಟ್ಟಿಗೆ ಎಳೆದುಕೊಂಡು ಅದರ ಮುಂದೆ ಕೂತೆ. ನನ್ನ ಹನ್ನೊಂದು ಜನರಲ್ಲಿ ಒಬ್ಬೊಬ್ಬರೂ ಬಂದು ಹಲಗೆ ನೋಡಿದರು, ನನ್ನನ್ನು ನೋಡಿದರು. ಕತ್ತರಿಸುವ ಯಂತ್ರ ನಡೆಸುವವನನ್ನು ಎಲ್ಲರೂ ಸುಂಟರಗಾಳಿ ಎನ್ನುತ್ತಾರೆ, ನಿಂತಲ್ಲಿ ನಿಲ್ಲುವವನಲ್ಲ. ಅವನಿಗೆ ಸಿಟ್ಟು ಬಂತು. “ಮೇಸ್ತ್ರಿ, ನಿಮಗೆ ವಯಸ್ಸಾಯ್ತು. ಹೆದರ್ಕೊಂಡಿದ್ದೀರಿ.”

“ಹೌದಪ್ಪಾ, ಹೆದರಿದ್ದೀನಿ. ಹೆದರಿಕೆ ಇಲ್ಲದವನನ್ನ ನನ್ನ ತಂಡಕ್ಕೆ ನಾನು ಯಾವತ್ತೂ ಸೇರಿಸ್ಕೊಂಡಿಲ್ಲ. ನೀನೂ ಒಂದು ಸ್ವಲ್ಪ ಹೆದರು, ಆಮೇಲೆ ಜಗಳ ಆಡೋಣ.”

ಹತ್ತು ಗಂಟೆಗೆ ಮ್ಯಾನೇಜರೇ ಇಳಿದು ಬಂದರು. ಜೊತೆಗೆ ಇಬ್ಬರು ಅಧಿಕಾರಿಗಳು. ನಾನು ಎದ್ದು ನಿಂತೆ, ಆದರೆ ಪಕ್ಕಕ್ಕೆ ಸರಿಯಲಿಲ್ಲ. ನಿಮ್ಮ ಹೊಣೆಯ ಮೇಲೆ ನಿಲ್ಲಿಸಿದ್ದೀರಿ ಎಂದು ಬರೆದುಕೊಡಿ ಎಂದರು. ಪೆನ್ನು ಕೊಡಿ ಎಂದೆ. ಅವರ ಬೆನ್ನನ್ನೇ ಮೇಜು ಮಾಡಿಕೊಂಡು ಬರೆಯಲೇ ಎಂದು ಕೇಳಿದ್ದು ಮಾತ್ರ ಸ್ವಲ್ಪ ಹೆಚ್ಚಾಯಿತೇನೋ. ಗಿಳಿರಾಯ ಕೆಮ್ಮಿ ನಗು ನುಂಗಿದ. ಬರೆದುಕೊಟ್ಟು ಕೇಳಿದೆ: “ಸಾರ್, ನನ್ನ ಮಾತು ನಂಬಬೇಡಿ. ಹಾಕಿದ ಬೋಲ್ಟನ್ನ ಜಾಕ್ ಇಟ್ಟು ಎಳೆದು ನೋಡೋಣ. ಹಿಡ್ಕೊಂಡ್ರೆ ನಾನು ನಾಳೆಯಿಂದ ಮನೇಲಿರ್ತೀನಿ.”

ಬುಧವಾರ ಎಳೆದು ನೋಡುವ ಜಾಕ್ ಬಂತು. ಹೊರಗಿನಿಂದ ಒಳಕ್ಕೆ ಆರು ಬೋಲ್ಟು ಆರಿಸಿದೆವು. ಕೊನೆಯದೂ ನನ್ನ ಹಲಗೆಯಿಂದ ಈಚೆಗೇ ಇತ್ತು. ಮೊದಲನೆಯದು ಹಿಡಿಯಿತು. ಎರಡನೆಯದೂ ಹಿಡಿಯಿತು. ಮ್ಯಾನೇಜರು ನನ್ನ ಕಡೆ ನೋಡಿದರು, ಸುಂಟರಗಾಳಿ ಕೈಕಟ್ಟಿ ಗೋಡೆಗೆ ಒರಗಿದ. ನಿಜ ಹೇಳುತ್ತೇನೆ ಗುಬ್ಬೀ, ಇಪ್ಪತ್ತೊಂಬತ್ತು ವರ್ಷ ಕೇಳಿಸಿಕೊಂಡ ಕಿವಿ ಮೋಸ ಮಾಡಿತೇ ಎಂದುಕೊಂಡೆ. ಮೂರನೆಯದಕ್ಕೆ ಜಾಕ್ ಕಟ್ಟಿ ಒತ್ತಿದರು. ಮಾಪಕದ ಮುಳ್ಳು ಅರ್ಧಕ್ಕೆ ಹೋಗಿ ಅಲ್ಲೇ ನಿಂತಿತು, ಬೋಲ್ಟು ಮಾತ್ರ ಕೆಳಗಿಳಿಯತೊಡಗಿತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಸದ್ದಿಲ್ಲದೆ. ನಾಲ್ಕನೆಯದೂ ಹಾಗೆಯೇ. ಐದು, ಆರು ಹೇಳುವುದೇ ಬೇಡ. ಸುಂಟರಗಾಳಿ ಗೋಡೆ ಬಿಟ್ಟು ನೆಟ್ಟಗೆ ನಿಂತಿದ್ದ. ಮ್ಯಾನೇಜರು ನನ್ನ ಪೆಟ್ಟಿಗೆಯ ಮೇಲೆ ಕೂತರು. ಕೂತಲ್ಲಿಂದಲೇ ಕೇಳಿದರು, “ಈಗ ಏನ್ ಮಾಡೋಣ ಮೇಸ್ತ್ರಿ?” ಆ ಮಾತು ಕೇಳಿದ್ದಕ್ಕೆ ಅವರ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು. ದೊಡ್ಡ ಕುರ್ಚಿಯಲ್ಲಿ ಕೂತವರಿಗೆ ಹಾಗೆ ಕೇಳುವುದು ಸುಲಭವಲ್ಲ.

ಮಾಡಬೇಕಾದ್ದು ಹಳೆಯ ಕೆಲಸವೇ. ಮರ. ದಪ್ಪ ದಿಮ್ಮಿಗಳನ್ನು ಎರಡು ಉದ್ದಕ್ಕೆ, ಎರಡು ಅಡ್ಡಕ್ಕೆ, ಮತ್ತೆ ಎರಡು ಉದ್ದಕ್ಕೆ ಪೇರಿಸುತ್ತ ನೆಲದಿಂದ ಚಾವಣಿವರೆಗೆ ಗೂಡು ಕಟ್ಟಿ, ತಲೆಯಲ್ಲಿ ಬೆಣೆ ಹೊಡೆದು ಬಿಗಿಯುವುದು. ಉದ್ದ ಉಕ್ಕಿನ ಹಗ್ಗದ ಬೋಲ್ಟು ಬರಲು ವಾರ ಬೇಕಿತ್ತು, ಅಲ್ಲಿಯವರೆಗೆ ಕೂಡುಜಾಗದ ಅಂಚು ನಿಲ್ಲಬೇಕು. ಇಲ್ಲದಿದ್ದರೆ ಬಿರುಕು ಮುಖ್ಯ ದಾರಿಗೇ ಹರಿದು ಬರುತ್ತದೆ. ಅದರಾಚೆ ಇನ್ನೂ ಎರಡು ತಂಡ ಕೆಲಸ ಮಾಡುತ್ತವೆ. ಯಾರು ಬರುತ್ತೀರಿ ಎಂದು ಕೇಳಿದೆ. ಮೊದಲು ಕೈ ಎತ್ತಿದವನು ಸುಂಟರಗಾಳಿ.

ಮೂರು ದಿನ ಕಟ್ಟಿದೆವು. ನಿಯಮ ಒಂದೇ: ಗಟ್ಟಿ ಚಾವಣಿಯ ಕೆಳಗೆ ನಿಂತು ಮುಂದಿನದನ್ನು ಹಿಡಿ, ಅದು ಹಿಡಿದ ಮೇಲೆ ಅಲ್ಲಿಗೆ ಕಾಲಿಡು. ಗುರುವಾರ ಸುಂಟರಗಾಳಿಯ ಸುತ್ತಿಗೆ ಕೈಜಾರಿ ಆಧಾರವಿಲ್ಲದ ಚಾವಣಿಯ ಕೆಳಗೆ ಹೋಗಿ ಬಿತ್ತು. ಎರಡೇ ಹೆಜ್ಜೆ ಎಂದು ಹೊರಟ. ಅವನ ಸೊಂಟದ ಪಟ್ಟಿ ಹಿಡಿದು ಎಳೆದೆ, ಇಬ್ಬರೂ ದಿಮ್ಮಿಯ ಮೇಲೆ ಅಂಗಾತ ಬಿದ್ದೆವು. “ಸುತ್ತಿಗೆ ಬೇರೆ ಸಿಗುತ್ತೆ ಕಣಪ್ಪಾ, ನಿನ್ನಂಥ ತರಲೆ ಬೇರೆ ಸಿಗಲ್ಲ” ಎಂದೆ. ಅವನು ಎದ್ದು, ನನ್ನನ್ನೂ ಎಬ್ಬಿಸಿ, ಬೆನ್ನಿನ ಧೂಳು ಒರೆಸಿದ. ಆಮೇಲೆ ಅವನ ಬಾಯಿಂದ ವಯಸ್ಸಿನ ಮಾತು ಬರಲಿಲ್ಲ.

ಶುಕ್ರವಾರ ಸಂಜೆಗೆ ಏಳು ಗೂಡು ನಿಂತವು. ಶನಿವಾರ ಮಧ್ಯಾಹ್ನ ಎರಡೂವರೆಗೆ ನಾವು ಹೊರಗಿನ ದಾರಿಯಲ್ಲಿ ಕೊನೆಯ ಬೆಣೆಗಳನ್ನು ನೋಡುತ್ತಿದ್ದಾಗ ಮರ ಮಾತಾಡಿತು. ಮೊದಲು ಒಂದು ಕಿರುಗು, ಆಮೇಲೆ ಬೆರಳು ಮುರಿದ ಹಾಗೆ ಸಾಲಾಗಿ ಪಟಪಟ. “ಹಿಂದಕ್ಕೆ!” ಎಂದು ಕೂಗಿದೆ. ಎಲ್ಲರೂ ಓಡಿದೆವು, ನನ್ನ ಮಂಡಿಯೂ ಓಡಿತು. ಗೂಡುಗಳಾಚೆ, ಸೋಮವಾರದವರೆಗೆ ನಾವು ಬೋಲ್ಟು ಹಾಕುತ್ತ ನಡೆದಾಡಿದ ಜಾಗದಲ್ಲಿ, ಒಂದು ಶಾಲಾ ಕೋಣೆಯಷ್ಟು ಚಾವಣಿ ಒಟ್ಟಿಗೆ ಕುಳಿತಿತು. ಗಾಳಿ ಬಂದು ಬೆನ್ನಿಗೆ ಗುದ್ದಿತು, ಧೂಳಿನಲ್ಲಿ ಒಬ್ಬರ ದೀಪ ಒಬ್ಬರಿಗೆ ಕಾಣಲಿಲ್ಲ. ನಾನು ಗೋಡೆ ಹಿಡಿದುಕೊಂಡು ಕೂಗಿ ಕೂಗಿ ಎಣಿಸಿದೆ. ಹನ್ನೊಂದು ದನಿ ಬಂದವು. ಗಿಳಿರಾಯನದು ಕೊನೆಗೆ ಬಂತು, ಹುಟ್ಟಿದ ಮೇಲೆ ಮೊದಲ ಸಲ ಅವನಿಗೆ ಮಾತು ಹೊರಟಿರಲಿಲ್ಲವಂತೆ. ಗೂಡುಗಳು ಅಂಚನ್ನು ಹಿಡಿದಿದ್ದವು. ಎರಡು ಜಜ್ಜಿ ಅರ್ಧ ಎತ್ತರವಾಗಿದ್ದವು, ಆದರೆ ನಿಂತಿದ್ದವು. ಮುಖ್ಯ ದಾರಿಗೆ ಒಂದು ಕಲ್ಲೂ ಬರಲಿಲ್ಲ.

ಬಿದ್ದದ್ದನ್ನು ಭಾನುವಾರ ದೂರದಿಂದ ನೋಡಿದೆ. ಕಲ್ಲಿನ ಮೇಲ್ಮೈ ಎಣ್ಣೆ ಸವರಿದ ಹಾಗೆ ನುಣ್ಣಗಿತ್ತು, ಅದರ ತುಂಬ ನಮ್ಮ ಬೋಲ್ಟುಗಳು ನಿಂತ ಹಾಗೇ ನಿಂತಿದ್ದವು. ಒಂದೂ ಮುರಿದಿರಲಿಲ್ಲ. ಚಾವಣಿಯ ಜೊತೆಗೇ ಇಳಿದು ಬಂದಿದ್ದವು.

ಮನೆಯಲ್ಲಿ ಅಮ್ಮನಿಗೆ ಯಾರೋ ಹೇಳಿಬಿಟ್ಟಿದ್ದರು. ಬಾಗಿಲಲ್ಲೇ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡರೆ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, “ಇನ್ನು ಸಾಕು ರೀ, ಬಿಟ್ಬಿಡಿ” ಎಂದಳು, ಅಷ್ಟೇ. ನಿವೃತ್ತಿಗೆ ಇನ್ನೂ ಹದಿನೆಂಟು ತಿಂಗಳಿದೆ. ಬಿಡುವುದಿಲ್ಲ ಎಂದು ಅವಳಿಗೆ ಹೇಳಿದ್ದೇನೆ, ನಿನಗೂ ಹೇಳುತ್ತಿದ್ದೇನೆ. ಪಶ್ಚಿಮ ಭಾಗಕ್ಕೆ ಹೊಸ ಕ್ರಮ ಬರುವವರೆಗೆ, ಹತ್ತು ಅಡಿಗೊಮ್ಮೆ ನೀರಿನ ಬಣ್ಣ ನೋಡಿ ಬರೆದಿಡಬೇಕು ಎಂಬುದು ನಿಯಮವಾಗುವವರೆಗೆ ನಾನು ಎಲ್ಲಿಗೂ ಹೋಗುವವನಲ್ಲ. ಮ್ಯಾನೇಜರು ಒಪ್ಪಿದ್ದಾರೆ, ಕೇಂದ್ರ ಕಚೇರಿ ಒಪ್ಪಬೇಕು. ಬರುವ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸುರಕ್ಷತಾ ಇನ್‌ಸ್ಪೆಕ್ಟರು ಬರುತ್ತಾರೆ. ನನ್ನ ಹೇಳಿಕೆ ಬರೆದು ಮುಗಿದಿದೆ.

ಮೊನ್ನೆ ಕ್ಯಾಂಟೀನಿನಲ್ಲಿ ಸುಂಟರಗಾಳಿ ಹೇಳುತ್ತಿದ್ದ, “ಆ ಹಾಳೆಗೆ ಸಹಿ ಹಾಕಿದವನು ಒಂದ್ಸಲ ನನ್ನ ಕೈಗೆ ಸಿಗಲಿ.” ಸುತ್ತ ಇದ್ದವರೆಲ್ಲ ಹೂಂ ಎಂದರು. ನಾನು ಚಹಾ ಅಲ್ಲೇ ಬಿಟ್ಟು ಎದ್ದು ಬಂದೆ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಕಣ್ಣು ಉರಿದರೆ ಕಂಪ್ಯೂಟರು ಮುಚ್ಚಿಡು. ನೀನು ಎಲ್ಲಿ ನಿಂತರೂ ತಲೆಯ ಮೇಲಿರುವುದು ಗಟ್ಟಿಯಾಗಿರಲಿ, ಕಾಲ ಕೆಳಗಿರುವುದು ಅಲುಗದಿರಲಿ. ಅಮ್ಮನೂ ಇದನ್ನೇ ಹಾರೈಸುತ್ತಾಳೆ, ಅವಳ ಮಾತಿನಲ್ಲಿ ಇನ್ನೂ ನಾಲ್ಕು ಸಾಲು ಹೆಚ್ಚು ಎಂದುಕೋ.

ಇತಿ,
ನಿನ್ನ ಅಪ್ಪ

ತಾ. ಕ.: ಲಕೋಟೆ ಅಂಟಿಸಲು ಹೋದೆ, ಕೈ ಬರಲಿಲ್ಲ. ಹೇಳಬೇಕಾದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆದಿದ್ದೇನೆ.

ಕಳೆದ ಸೋಮವಾರ ನಾನು ಹೇಳಿಕೆ ಬರೆಯಲು ಕೂತಾಗ ಮ್ಯಾನೇಜರು ಪೂರ್ತಿ ಕಡತ ಮುಂದಿಟ್ಟರು. ಬೋರ್ಡಿಗೆ ಅಂಟಿಸಿದ್ದು ಮೊದಲ ಹಾಳೆ ಮಾತ್ರ. ಮೂರನೆಯ ಹಾಳೆಯಲ್ಲಿ, “ಸ್ಥಳಕ್ಕೆ ಇಳಿದು ಚಾವಣಿಯನ್ನು ಖುದ್ದಾಗಿ ಪರಿಶೀಲಿಸಿದ್ದೇನೆ” ಎಂಬ ಸಾಲಿನ ಕೆಳಗೆ ನಿನ್ನ ಸಹಿ ಇದೆ. ತಾರೀಖು ಮೂರು. ನೀನು ಯಾರ ಮಗಳೆಂದು ಅವರಿಗೆ ಗೊತ್ತಿಲ್ಲ. “ಆ ಹುಡುಗಿ ಬಂದಿದ್ಲು, ಇದೇ ಕೋಣೆಯಲ್ಲಿ ಕೂತು ಸಹಿ ಹಾಕಿದ್ಲು, ಮಧ್ಯಾಹ್ನದ ರೈಲಿಗೆ ಹೋದ್ಲು” ಎಂದರು.

ಇಳಿದಿರಬಹುದು, ನನಗೆ ಕಂಡಿರಲಿಕ್ಕಿಲ್ಲ ಎಂದುಕೊಂಡು ಲ್ಯಾಂಪ್ ರೂಮಿಗೆ ಹೋದೆ. ದೀಪ ತೆಗೆದುಕೊಳ್ಳದೆ ಯಾರೂ ಇಳಿಯುವ ಹಾಗಿಲ್ಲವಲ್ಲ. ಅಲ್ಲಿ ದೀಪದ ಲೆಕ್ಕ ಬರೆಯುವ ನನ್ನ ತಂಗಿ, ನಿನ್ನ ಅತ್ತೆ, ಪುಸ್ತಕ ತೆಗೆದು ಮೂರನೆಯ ತಾರೀಖಿನ ಪುಟವನ್ನು ಎರಡು ಸಲ ನೋಡಿದಳು. ನಿನ್ನ ಹೆಸರಿಲ್ಲ. ಬಾಗಿಲು ಸ್ವಲ್ಪ ಮುಂದೆ ಮಾಡಿ ಹೇಳಿದಳು, “ಅಣ್ಣಾ, ಕೆಳಗೆ ಒಂದು ಗೆರೆ ಖಾಲಿ ಇದೆ. ನಾನು ಬರೆದ್ರೆ ಯಾರಿಗೂ ಗೊತ್ತಾಗಲ್ಲ. ನಮ್ಮ ಹುಡುಗಿ ಅಲ್ವಾ?” ಒಂದು ನಿಮಿಷ ನಾನು ಸುಮ್ಮನೆ ನಿಂತಿದ್ದೆ. ಆ ಒಂದು ನಿಮಿಷವನ್ನೂ ನಿನ್ನಿಂದ ಮುಚ್ಚಿಡುವುದಿಲ್ಲ. ಆಮೇಲೆ ಬೇಡ ಎಂದೆ.

ಆ ಮೂರನೆಯ ತಾರೀಖಿನ ಸಂಜೆ ನೀನು ಫೋನ್ ಮಾಡಿ, ಇಡೀ ದಿನ ಕುರ್ಚಿ ಬಿಟ್ಟು ಏಳಲಿಲ್ಲ ಅಪ್ಪಾ ಎಂದಿದ್ದೆ. ಆ ಕಚೇರಿಯಿಂದ ನಮ್ಮ ಮನೆ ನಡೆದರೆ ಹತ್ತು ನಿಮಿಷ. ಕೆಳಗಿಳಿಯದೆ ಹೋದೆ, ಮನೆಗೂ ಬಾರದೆ ಹೋದೆ. ಯಾವುದು ಹೆಚ್ಚು ನೋಯಿತು ಎಂದರೆ ಮೇಸ್ತ್ರಿ ಒಂದು ಹೇಳುತ್ತಾನೆ, ಅಪ್ಪ ಇನ್ನೊಂದು ಹೇಳುತ್ತಾನೆ. ನಿನ್ನ ಮೇಲಿನವರು ಒತ್ತಾಯ ಮಾಡಿರಬಹುದು, ಕೆಳಗೆ ನಾನಿದ್ದೇನೆ ಎಂದು ನಿನಗೆ ನಾಚಿಕೆಯಾಗಿರಬಹುದು. ಏನಾಗಿತ್ತೆಂದು ನಿನ್ನ ಬಾಯಿಂದ ಕೇಳಬೇಕು.

ನನ್ನ ಹೇಳಿಕೆಯ ಮೊದಲ ಸಾಲು ನನ್ನ ಮೇಲೆ: ಎಂಟು ದಿನ, ಬೂದಿ ನೀರು ದಿನೇದಿನೇ ಮೇಲಕ್ಕೆ ಸರಿಯುತ್ತಿದ್ದುದನ್ನು ಕಂಡೂ, ಆ ಹಾಳೆಯಂತೆ ಬೋಲ್ಟು ಹಾಕಿಸಿದವನು ನಾನು. ಎರಡನೆಯ ಸಾಲು ನಿನ್ನ ಮೇಲೆ. ಬರುವ ಸೋಮವಾರ ಇನ್‌ಸ್ಪೆಕ್ಟರ ಮುಂದೆ ಎರಡನ್ನೂ ಓದುತ್ತೇನೆ. ನೀನೇ ಬಂದು ಹೇಳಿದರೆ ಎರಡನೆಯದನ್ನು ಹೊಡೆದು ಹಾಕಿ ಪಕ್ಕದಲ್ಲಿ ನಿಲ್ಲುತ್ತೇನೆ. ಅಮ್ಮನಿಗೆ ಈ ಸಹಿಯ ವಿಷಯ ಇನ್ನೂ ಏನೂ ಗೊತ್ತಿಲ್ಲ.

ನಿನ್ನ ಊರಿಗೆ ಹೊರಟಿರುವ ಗಿಳಿರಾಯನ ಹೆಂಡತಿಯ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ, ಶುಕ್ರವಾರ ತಲುಪುತ್ತದೆ. ಭಾನುವಾರ ಸಂಜೆಯ ರೈಲಿನ ಹೊತ್ತಿಗೆ ನಿಲ್ದಾಣದಲ್ಲಿರುತ್ತೇನೆ. ಎಲ್ಲರೂ ಇಳಿದು ಹೋಗುವವರೆಗೆ ನಿಂತಿರುತ್ತೇನೆ.